ಮೂಗಿನ ನೇರಕ್ಕೆ

ನಮ್ಮ ಬಾಲ್‌ಸ್ಟಾಡಿನಲ್ಲಿ ಮೂಗಿನ ನೇರಕ್ಕೆ ಮಾತಾಡಿ
ಸಂಬಳ ಪಡೆಯುವವನು ಒಬ್ಬನೇ, ಇಂಗ್‌ವಾಲ್ಡ್.
ಚಳಿಗಾಲ ತೂಗುಹಾಕಿದ ಕಾಡ್ ಮೀನು
ಜೂನಿಗೆ ಸೌದೆಯಾಗಿ ಇಳಿದು ಬಂದಾಗ
ಒಂದೊಂದನ್ನೂ ಎತ್ತಿ, ಹೊಟ್ಟೆಯ ಸೀಳಿಗೆ ಮೂಗಿಟ್ಟು
ಎಸೆಯುತ್ತಾನೆ: ಇದು ನೇಪಲ್ಸಿಗೆ, ಇದು ಕಲಾಬ್ರಿಯಾಕ್ಕೆ,
ತಲೆಗಳು ಬೇರೆ, ಅವು ಲಾಗೋಸಿಗೆ.
ಒಂದು ಉಸಿರಿಗೆ ಒಂದು ತೀರ್ಪು.
ನಾನು ಟೂರ್ದಿಸ್, ಗೋಣಿ ಹೊಲಿಯುವವಳು.
ಅವನನ್ನು ಹಾದ ಗಾಳಿ ನನ್ನ ಮೇಲೇ ಬರುತ್ತದೆ.

ಗೊತ್ತಾದದ್ದು ಕಾಫಿಯಿಂದ.
ಪಾತ್ರೆ ಸೀದು, ತಳ ಕೆಂಪಾಗಿ, ಶೆಡ್ಡಿನ ತುಂಬ ಹೊಗೆ,
ಒಲೆಗೆ ಬೆನ್ನು ಕೊಟ್ಟು ಕೂತವನು
ಕಣ್ಣುಜ್ಜಿಕೊಂಡು "ಮಂಜು ಇಳೀತಾ?" ಅಂದ.
ಆಗ ನೋಡಿದೆ: ಬಾಯಿ ತೆರೆದೇ ಇದೆ,
ಕೊಕ್ಕೆಗೆ ಬಿದ್ದ ಮೀನಿನ ಹಾಗೆ, ಎರಡು ವರ್ಷದಿಂದ.

ಕೇಳಲಿಲ್ಲ. ಮಾರನೆಯ ದಿನದಿಂದ
ಕೆಟ್ಟ ಮೀನು ಹಾದರೆ ಕತ್ತರಿ ಎರಡು ಸಲ ಆಡಿಸಿದೆ.
ಅವನೂ ಕೇಳಿಸಿಕೊಂಡ. ಹಾಗೇ ಒಂದು ಹಂಗಾಮು.
ನನ್ನದೇನು ಕಲಿತ ಮೂಗೇ?
ಸೋಪು, ಸೆಣಬು, ಹೆಚ್ಚೆಂದರೆ ಮಳೆ.
ಆಗಸ್ಟಿನಲ್ಲಿ ಕಲಾಬ್ರಿಯಾದಿಂದ ಕಾಗದ ಬಂತು,
ಬಹಳ ಮರ್ಯಾದೆಯ ಕಾಗದ. ಅಂಥವೇ ಸುಡುವುದು.

ದೋಣಿ ಹತ್ತಿ ಬೋಡೋಗೆ ಹೋದೆವು.
ಡಾಕ್ಟರ್ ಹೀಬೊ, ಸೊಮಾಲಿಯಾದ ತಾಯಿಯ ಮಗಳು,
ದಾರದಂಥ ಕ್ಯಾಮೆರಾ ಒಳಗಿಳಿಸಿ
ಪರದೆ ನಮ್ಮ ಕಡೆ ತಿರುಗಿಸಿದಳು.
ಬೂದು ಬಣ್ಣ, ನೀರು ತುಂಬಿದ ಹೊಳಪು.
ಸಿಪ್ಪೆ ಸುಲಿದ ದ್ರಾಕ್ಷಿ ಅಂದಳು ಅವಳು.
ಮೀನಿನ ತತ್ತಿ ಅಂದೆ ನಾನು.
ಅವನು ಏನೂ ಅನ್ನಲಿಲ್ಲ.
ಕಡ್ಡಿಯ ತುದಿ ತಾಗಿಸಿದಳು: ನೋವಿಲ್ಲ.
ತನ್ನದೇ ಮಾಂಸ, ತನಗೇ ಸುದ್ದಿ ಮುಟ್ಟಿಸದ್ದು.

ದುರ್ಮಾಂಸ ಎಂಬ ಮಾತಿಗೇ ಅವನು "ಕ್ಯಾನ್ಸರಾ?" ಅಂದ.
ಅಲ್ಲ. ಹೆಸರಷ್ಟೇ ದುಷ್ಟ. ಒಳಪದರ ಬಹಳ ಕಾಲ
ಯಾವುದರ ಮೇಲೋ ಸಿಟ್ಟಾಗಿ ಊದಿಕೊಂಡಿತ್ತು,
ಊದಿದ್ದು ನೀರು ಹಿಡಿದು ಜೋತುಬಿತ್ತು,
ವಾಸನೆ ಏರುವ ಸಂದಿಗೆ ಅಡ್ಡ.
ಯಾವುದರ ಮೇಲೆ ಸಿಟ್ಟು?
ಅದು ನಮಗೂ ಪೂರ್ತಿ ಗೊತ್ತಿಲ್ಲ ಅಂದಳು.
ಮೂಗಿನ ತುದಿಗೆ ಎಂದೂ ಕೋಪ ತಾರದ ಮನುಷ್ಯ,
ಹೆಂಡತಿ ಟ್ರೋಮ್ಸೋಗೆ ಹೊರಟುಹೋದ ದಿನ
ಅವಳ ಚೀಲ ತಾನೇ ಎತ್ತಿಕೊಟ್ಟವನು.
ನಾನು ಕಿಟಕಿ ಕಡೆ ನೋಡಿದೆ.
ಕಾಯಿಲೆಗೆ ಕಥೆ ಹೊಲಿಯಬಾರದು,
ಹೊಲಿಯುವುದೇ ನನ್ನ ಕೆಲಸವಾದರೂ.

ತಲೆನೋವಿಗೆ ನುಂಗಿದ ಆಸ್ಪಿರಿನ್
ಒಮ್ಮೆ ಉಸಿರೇ ಕಟ್ಟಿಸಿತ್ತು ಅಂದಾಗ
ಅವಳು ಪೆನ್ನು ಎತ್ತಿಕೊಂಡಳು:
ಅದೂ ಇದೇ ಮನೆತನ. ಇನ್ನು ಮುಟ್ಟಬೇಡ.

ಕುದಿಸಿ ಆರಿಸಿದ ನೀರು, ಅಳೆದ ಉಪ್ಪು, ದಿನಕ್ಕೆ ಎರಡು ಸಲ ತೊಳೆಯಬೇಕು.
ಸುತ್ತ ಇಷ್ಟು ಸಮುದ್ರ ಇಟ್ಟುಕೊಂಡು! ಅವನು ನಕ್ಕದ್ದು ಆಗಲೇ.
ಆಮೇಲೆ ತುಂತುರು ಔಷಧಿ,
ತಲೆ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ.
ಗುಳಿಗೆ ಕೆಲವೇ ದಿನ. ಐದನೆಯ ದಿನ
ಫೋನಿನಲ್ಲಿ ಕೂಗಿದ: ಟಾರು! ಒದ್ದೆ ಉಣ್ಣೆ!
ಎರಡು ವಾರ ಕಂಡದ್ದನ್ನೆಲ್ಲ ಮೂಸಿ ನೋಡಿದ,
ಬಾಗಿಲ ಚಿಲಕವನ್ನೂ.
ಗುಳಿಗೆ ಮುಗಿಯಿತು, ದಾರಿ ಮುಚ್ಚಿತು.
ಮೂಗಿಗೆ ತುಪ್ಪ ಸವರಿದ್ದು,
ಅದರ ವಾಸನೆಯೂ ಸಿಗದ ಹಾಗೆ.

ಮಾರ್ಚಿನಲ್ಲಿ ನಿದ್ದೆ ಬರಿಸಿ ಗೊಂಚಲು ತೆಗೆದರು.
ಮತ್ತೆ ಬೆಳೆಯಬಹುದು, ಹೀಬೊ ಮುಚ್ಚಿಡಲಿಲ್ಲ,
ತುಂತುರು ಬಿಡಬೇಡ.
ದೋಣಿಯ ಅಡಿ ಕೆರೆದ ಮೇಲೆ ಚಿಪ್ಪು ಮತ್ತೆ ಹತ್ತುವುದಿಲ್ಲವೇ.
ಹತ್ತಿದರೆ ಸೂಜಿಮದ್ದೂ ಇದೆ, ಆಗ ನೋಡೋಣ.

ಈಗ ಜೂನು. ಮೀನು ಎತ್ತಿದ, ಮೂಗಿಟ್ಟ, ನಿಂತ.
ಕತ್ತರಿ ನನ್ನ ಬೆರಳಲ್ಲೇ ಇತ್ತು, ಆಡಿಸಲಿಲ್ಲ.
ಮೂರನೆಯ ರಾಶಿಗೆ ಎಸೆದ. ಸರಿಯೋ ತಪ್ಪೋ
ನಾನು ಹೇಳಲಾರೆ, ನನಗಂತೂ ಏನೂ ವಾಸನೆ ಬರಲಿಲ್ಲ.

ಮಧ್ಯಾಹ್ನ ಅಟ್ಟಣೆಯ ಮೇಲಿಂದ ಕೂಗಿದ:
ಟೂರ್ದಿಸ್, ನಿನ್ನ ಕಾಫಿ ಸೀಯುತ್ತಿದೆ!
ಓಡಿದೆ. ಒಲೆ ತಣ್ಣಗಿತ್ತು,
ಮೇಲೆ ಪಾತ್ರೆಯೇ ಇರಲಿಲ್ಲ.
ಸ್ವಲ್ಪ ಹೊತ್ತು ನಿಂತೆ.
ಆಮೇಲೆ ಪಾತ್ರೆ ಇಟ್ಟು, ಪುಡಿ ಹಾಕಿ,
ಉರಿ ಜೋರು ಮಾಡಿದೆ.